ಜ್ಞಾನೋಕ್ತಿ 1:7ರ ‘ಶಿಕ್ಷೆ’: ಯಾವ ನಿಘಂಟನ್ನು ತೆರೆಯಬೇಕು?

ಮೂರನೇ ಬೆಂಚು ಬರೆದದ್ದು:
ಎಲ್ಲರಿಗೂ ನಮಸ್ಕಾರ. ನಾವು ಆರೇಳು ಮಂದಿ ವಾರಕ್ಕೊಮ್ಮೆ ಸೇರಿ ಬೈಬಲಿನ ಜ್ಞಾನೋಕ್ತಿಗಳನ್ನು ಓದಲು ಆರಂಭಿಸಿದ್ದೇವೆ. ಮೊದಲ ಅಧ್ಯಾಯದ ಏಳನೆಯ ವಚನದಲ್ಲಿಯೇ ನಮ್ಮ ಬಂಡಿಯ ಗಾಲಿ ಹೂತುಹೋಗಿದೆ. ‘ಯೆಹೋವನ ಭಯವೇ ತಿಳುವಳಿಕೆಗೆ ಮೂಲವು; ಮೂರ್ಖರಾದರೋ ಜ್ಞಾನವನ್ನೂ ಶಿಕ್ಷೆಯನ್ನೂ ಅಸಡ್ಡೆಮಾಡುವರು’ ಎಂದು ನಮ್ಮಲ್ಲಿರುವ ಹಳೆಯ ಅನುವಾದದಲ್ಲಿದೆ. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಹುಡುಗಿ, “ಶಿಕ್ಷೆ ಬೇಡವೆನ್ನುವುದಕ್ಕೆ ಮೂರ್ಖರೇ ಆಗಬೇಕೇ? ಜಾಣರಿಗೆ ಶಿಕ್ಷೆಯೆಂದರೆ ಇಷ್ಟವೇ?” ಎಂದು ಕೇಳಿದಳು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ನಾನು ಫೋನಿನಲ್ಲಿದ್ದ ಕನ್ನಡ ನಿಘಂಟನ್ನು ತೆರೆದೆ. ‘ದಂಡನೆ’ ಎಂದು ಒಂದೇ ಪದದಲ್ಲಿ ಮುಗಿಸಿತ್ತು. ಇನ್ನೊಬ್ಬರು ಹಳೆಯ ಇಂಗ್ಲಿಷ್ ಬೈಬಲ್ ನೋಡಿ, ಅಲ್ಲಿ ‘ಇನ್‌ಸ್ಟ್ರಕ್ಷನ್’ ಎಂದಿದೆ, ಕನ್ನಡದವರು ತಪ್ಪು ಮಾಡಿದ್ದಾರೆ ಎಂದರು. ಮತ್ತೊಬ್ಬರು ಸ್ಟ್ರಾಂಗ್ ಅವರ ಹೀಬ್ರೂ ಪದಕೋಶದಲ್ಲಿ 4148ನೆಯ ಸಂಖ್ಯೆಯನ್ನು ಹುಡುಕಿದರು. ಅಲ್ಲಿ ದಂಡನೆ, ಎಚ್ಚರಿಕೆ, ಬೋಧನೆ ಎಲ್ಲವೂ ಇದ್ದವು. ಕೊನೆಗೆ ‘ಬಾಂಡ್’, ‘ಚೆಕ್’ ಎಂಬ ಪದಗಳೂ ಕಾಣಿಸಿದಾಗ ನಾವು ಬ್ಯಾಂಕಿಗೆ ಬಂದೆವೋ ಎಂದು ನಕ್ಕು ಪುಸ್ತಕ ಮುಚ್ಚಿದೆವು. ಮೂರು ನಿಘಂಟುಗಳು, ಮೂರು ದಾರಿಗಳು. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಎಷ್ಟು ನಂಬಬೇಕು ಎಂದು ಬಲ್ಲವರು ತಿಳಿಸಬೇಕು.

ಒತ್ತಕ್ಷರ ಬರೆದದ್ದು:
ಕನ್ನಡದವರು ತಪ್ಪು ಮಾಡಿದ್ದಾರೆ ಎಂಬ ತೀರ್ಪನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ಅನುವಾದ ಸರಿಯಾಗಿಯೇ ಇದೆ. ಆಮೇಲೆ ಬದಲಾದದ್ದು ನಾವಾಡುವ ಕನ್ನಡ. ‘ಶಿಕ್ಷೆ’ ಸಂಸ್ಕೃತದ ‘ಶಿಕ್ಷಾ’. ಅದರ ಮೊದಲ ಅರ್ಥ ಕಲಿಕೆ, ಕಲಿಸುವಿಕೆ. ಆರು ವೇದಾಂಗಗಳಲ್ಲಿ ಒಂದಾದ, ಉಚ್ಚಾರಣೆಯನ್ನು ಕಲಿಸುವ ಶಾಸ್ತ್ರದ ಹೆಸರೂ ಶಿಕ್ಷಾ. ಶಿಕ್ಷಣ, ಶಿಕ್ಷಕ, ಸುಶಿಕ್ಷಿತ ಎಂಬ ಪದಗಳಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ‘ಶಿಕ್ಷೆ’ ಎಂಬ ಪದ ಮಾತ್ರ ನ್ಯಾಯಾಲಯದ ಪಾಲಾಗಿ, ಆಡುಮಾತಿನಲ್ಲಿ ದಂಡನೆಯೊಂದನ್ನೇ ಹೇಳುವಂತಾಗಿದೆ.

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಹೀಬ್ರೂವಿಗೆ ಹೋಗುವ ಮುನ್ನ ಕನ್ನಡಕ್ಕೇ ಒಂದು ಒಳ್ಳೆಯ ನಿಘಂಟನ್ನು ನೋಡಿ, ಅದೂ ಅನುವಾದದ ಕಾಲಕ್ಕೆ ಹತ್ತಿರವಾದುದನ್ನು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಶಿಕ್ಷೆಗೆ ಕಲಿಕೆಯ ಅರ್ಥವೂ ದಂಡನೆಯ ಅರ್ಥವೂ ಇವೆ. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಶಾಸನ, ಕಾವ್ಯಗಳಿಂದ ಉದಾಹರಣೆಗಳನ್ನೂ ಕೊಡುವುದರಿಂದ ಪದವೊಂದು ಹೇಗೆ ನಡೆದುಬಂದಿದೆ ಎಂಬುದು ಅಲ್ಲಿ ಕಣ್ಣಿಗೆ ಕಾಣುತ್ತದೆ. ಒಂದು ಪದಕ್ಕೆ ಒಂದೇ ಪದವನ್ನು ಮುಂದಿಟ್ಟು ಕೈತೊಳೆದುಕೊಳ್ಳುವ ಫೋನಿನ ನಿಘಂಟು ಇಂಥ ಓದಿಗೆ ಸಾಲದು.

ಅಲ್ಪಪ್ರಾಣ ಬರೆದದ್ದು:
ಒಂದು ಕಾಲದಲ್ಲಿ ಶಿಕ್ಷಕರು ಎರಡು ಅರ್ಥಗಳನ್ನೂ ಒಂದೇ ತರಗತಿಯಲ್ಲಿ ಕಲಿಸುತ್ತಿದ್ದರು ಎಂಬುದನ್ನು ಮರೆಯಬಾರದು.

ಪುಟದಂಚು ಬರೆದದ್ದು:
ಅಲ್ಪಪ್ರಾಣ ಅವರು ತಮಾಷೆಗೆ ಹೇಳಿದ್ದು ವಿಷಯಕ್ಕೆ ಬಹಳ ಹತ್ತಿರದಲ್ಲಿದೆ. ಹೀಬ್ರೂ ಮೂಲದಲ್ಲಿರುವ ಪದ ‘ಮೂಸಾರ್’. ಅದರಲ್ಲಿಯೂ ತಿದ್ದುವುದು, ದಂಡಿಸುವುದು, ಕಲಿಸುವುದು ಒಂದಕ್ಕೊಂದು ಹೆಣೆದುಕೊಂಡಿವೆ. ಮೂರನೇ ಬೆಂಚು ಅವರು ಏಳನೆಯ ವಚನದಲ್ಲಿ ನಿಲ್ಲದೆ ಎಂಟನೆಯದನ್ನು ಓದಿದ್ದರೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತಿತ್ತು. ‘ಮಗನೇ, ನಿನ್ನ ತಂದೆಯ ಉಪದೇಶವನ್ನು ಕೇಳು’ ಎಂದು ಅದೇ ಅನುವಾದದಲ್ಲಿದೆ. ಆ ‘ಉಪದೇಶ’ವೂ ಹೀಬ್ರೂವಿನಲ್ಲಿ ‘ಮೂಸಾರ್’! ಒಂದೇ ಪದ ಒಂದು ಸಾಲಿನಲ್ಲಿ ಶಿಕ್ಷೆಯಾಗಿ, ಮರುಸಾಲಿನಲ್ಲಿ ಉಪದೇಶವಾಗಿ ಬಂದಿದೆ.

ಗ್ರೀಕಿನಲ್ಲಿಯೂ ಇದೇ ಕಥೆ. ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್ ಇಲ್ಲಿ ‘ಪೈದೇಯ’ ಎಂಬ ಪದವನ್ನು ಬಳಸುತ್ತದೆ. ಮಗು ಎಂಬರ್ಥದ ಪದದಿಂದ ಬಂದ ಇದು ಮಕ್ಕಳನ್ನು ತಿದ್ದಿ ಬೆಳೆಸುವುದನ್ನು ಹೇಳುತ್ತದೆ. ಇದಕ್ಕೆ ಸಂಬಂಧಿಸಿದ ಕ್ರಿಯಾಪದವನ್ನು ಲೂಕನು ತನ್ನ ಎರಡು ಗ್ರಂಥಗಳಲ್ಲಿ ಹೇಗೆ ಬಳಸಿದ್ದಾನೆ ನೋಡಿ. ಅಪೊಸ್ತಲರ ಕೃತ್ಯಗಳು 22:3ರಲ್ಲಿ ಪೌಲನು ಗಮಲಿಯೇಲನ ಪಾದಸನ್ನಿಧಿಯಲ್ಲಿ ಶಿಕ್ಷಣ ಪಡೆದೆನೆಂದು ಹೇಳುವಲ್ಲಿ ಈ ಕ್ರಿಯಾಪದವಿದೆ. ಲೂಕ 23:16ರಲ್ಲಿ ಪಿಲಾತನು ಯೇಸುವನ್ನು ಹೊಡೆಸಿ ಬಿಟ್ಟುಬಿಡುತ್ತೇನೆ ಎನ್ನುವಲ್ಲಿಯೂ ಇದೇ ಇದೆ. ನಮ್ಮ ‘ಶಿಕ್ಷೆ’ಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ. ಹಳೆಯ ಅನುವಾದಕರು ಈ ಪದವನ್ನು ಗೊತ್ತಿದ್ದೇ ಆರಿಸಿರಬೇಕು ಎಂದು ನನಗನ್ನಿಸುತ್ತದೆ.

ಮೂರನೇ ಬೆಂಚು ಬರೆದದ್ದು:
ಬಹಳ ಉಪಕಾರವಾಯಿತು. ಹಾಗಾದರೆ ಇನ್ನು ಮುಂದೆ ಎಲ್ಲಿ ‘ಶಿಕ್ಷೆ’ ಬಂದರೂ ‘ಉಪದೇಶ’ ಎಂದು ಓದಿಕೊಂಡರೆ ಸರಿಯೇ?

ಪುಟದಂಚು ಬರೆದದ್ದು:
ಖಂಡಿತ ಅಲ್ಲ. ಜ್ಞಾನೋಕ್ತಿ 13:24ರಲ್ಲಿ ಬೆತ್ತ ಹಿಡಿಯದ ತಂದೆಯ ಮಾತು ಬರುತ್ತದೆ. ಅಲ್ಲಿಯೂ ಮೂಸಾರ್ ಇದೆ, ಆದರೆ ಪಕ್ಕದಲ್ಲಿ ಬೆತ್ತವಿರುವಾಗ ಅದನ್ನು ಬರಿಯ ಉಪದೇಶವೆಂದು ಹೇಗೆ ಓದುವುದು? ಒಂದು ಪದ ಎಲ್ಲಿಂದ ಎಲ್ಲಿಯವರೆಗೆ ಹರಡಿಕೊಳ್ಳಬಲ್ಲದು ಎಂಬುದನ್ನಷ್ಟೇ ನಿಘಂಟು ಹೇಳುತ್ತದೆ. ಈ ವಚನದಲ್ಲಿ ಅದು ಎಲ್ಲಿ ನಿಂತಿದೆ ಎಂಬುದನ್ನು ಅಕ್ಕಪಕ್ಕದ ಮಾತುಗಳೇ ಹೇಳಬೇಕು. ಮೂಸಾರ್ ಹಳೆಯ ಒಡಂಬಡಿಕೆಯಲ್ಲಿ ಬರುವುದು ಸುಮಾರು 50 ಸಲ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜ್ಞಾನೋಕ್ತಿಗಳಲ್ಲಿಯೇ. ಅಷ್ಟನ್ನೂ ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು. ಓದಿದ ಮೇಲೆ ನಿಮಗೆ ನಿಘಂಟೇ ಬೇಡವೆನ್ನಿಸಬಹುದು.

ಸಂಜೆಪ್ರಾರ್ಥನೆ ಬರೆದದ್ದು:
ನಾನು ಸ್ವಲ್ಪ ಭಿನ್ನವಾದ ಮಾತನ್ನು ಹೇಳಬೇಕಾಗಿದೆ, ಯಾರೂ ಬೇಸರಿಸಬೇಡಿ. ನಮ್ಮ ಹಿರಿಯರಿಗೆ ಹೀಬ್ರೂ ಗೊತ್ತಿರಲಿಲ್ಲ, ಗ್ರೀಕ್ ಗೊತ್ತಿರಲಿಲ್ಲ, ಅನೇಕರಿಗೆ ಓದಲೂ ಬರುತ್ತಿರಲಿಲ್ಲ. ಆದರೂ ಅವರು ವಚನವನ್ನು ನಂಬಿ ಬದುಕಿದರು. ಪದವೊಂದಕ್ಕೆ ಮೂರು ನಿಘಂಟುಗಳನ್ನು ಹರಡಿಕೊಂಡು ಕುಳಿತರೆ ಪ್ರಾರ್ಥನೆಗೆ ಸಮಯವೆಲ್ಲಿ? ಸತ್ಯವೇದವು ಪಂಡಿತರ ಸೊತ್ತಾಗಬಾರದು.

ಒತ್ತಕ್ಷರ ಬರೆದದ್ದು:
ಸಂಜೆಪ್ರಾರ್ಥನೆ ಅವರೇ, ಪಂಡಿತರ ಸೊತ್ತಾಗಬಾರದು ಎಂಬುದಕ್ಕೆ ನನ್ನ ಪೂರ್ಣ ಸಹಮತವಿದೆ. ಆದರೆ ನಿಘಂಟಿಲ್ಲದೆ ಓದುತ್ತೇವೆ ಎನ್ನುವ ನಾವು ಕೈಯಲ್ಲಿ ಹಿಡಿದಿರುವುದು ಅನುವಾದವನ್ನು. ಆ ಅನುವಾದಕರು ನಮ್ಮ ಪರವಾಗಿ ವರ್ಷಗಟ್ಟಲೆ ನಿಘಂಟುಗಳನ್ನು ತಿರುವಿಹಾಕಿದ್ದರಿಂದಲೇ ಓದುಬಾರದ ಹಿರಿಯರ ಕಿವಿಗೂ ವಚನ ಕನ್ನಡದಲ್ಲಿ ಬಿತ್ತು. ಇನ್ನು ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿ, ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿದ್ದ ಐಥಿಯೋಪ್ಯದ ಅಧಿಕಾರಿಯನ್ನು ಫಿಲಿಪ್ಪನು ಮೊದಲು ಕೇಳಿದ್ದೇ, ಓದುವುದು ನಿನಗೆ ತಿಳಿಯುತ್ತದೋ ಎಂದು. ತಿಳಿಸಿಕೊಡುವವರಿಲ್ಲದೆ ಹೇಗೆ ತಿಳಿದೀತು ಎಂದು ಆತನು ಉತ್ತರಕೊಟ್ಟನು. ಪಕ್ಕದಲ್ಲಿ ಕೂರಲು ಫಿಲಿಪ್ಪನಿಲ್ಲದ ದಿನ ನಿಘಂಟಾದರೂ ಕೂರಲಿ.

ಸಂಜೆಪ್ರಾರ್ಥನೆ ಬರೆದದ್ದು:
ಫಿಲಿಪ್ಪನನ್ನು ಅಲ್ಲಿಗೆ ಕಳುಹಿಸಿದ್ದು ಯಾರು ಎಂಬುದನ್ನೂ ಅದೇ ಅಧ್ಯಾಯದಲ್ಲಿ ಓದಿ. ಇರಲಿ, ನಾನು ನಿಘಂಟು ಬೇಡವೆನ್ನಲಿಲ್ಲ, ಅದು ಮೊದಲ ಪಂಕ್ತಿಯಲ್ಲಿ ಕೂರಬಾರದು ಎಂದೆ.

ತಾಯಿಬೇರು ಬರೆದದ್ದು:
ನಿಘಂಟಿನ ನಿಜವಾದ ಸೊಗಸು ಮೂಲಾರ್ಥದಲ್ಲಿದೆ, ಅದನ್ನು ಇಲ್ಲಿ ಯಾರೂ ಹೇಳಲಿಲ್ಲ. ‘ಸಭೆ’ ಎಂದು ನಾವು ಓದುವಲ್ಲಿ ಗ್ರೀಕಿನಲ್ಲಿ ‘ಎಕ್ಲೇಸಿಯ’ ಎಂದಿದೆ. ಅದರ ಬೇರು ‘ಹೊರಗೆ ಕರೆ’ ಎಂಬುದು; ಹಾಗಾಗಿ ಸಭೆಯೆಂದರೆ ಲೋಕದಿಂದ ಹೊರಕ್ಕೆ ಕರೆಯಲ್ಪಟ್ಟವರು. ‘ದುನಮಿಸ್’ ಎಂದರೆ ಶಕ್ತಿ, ಅದರಿಂದಲೇ ಡೈನಮೈಟ್ ಬಂತು. ಸುವಾರ್ತೆಯು ದೇವರ ಶಕ್ತಿ ಎಂದು ಪೌಲನು ಬರೆಯುವಾಗ ಬಂಡೆಯೊಡೆಯುವ ಸಿಡಿಮದ್ದನ್ನು ಹೇಳುತ್ತಿದ್ದಾನೆ. ‘ಅಗಾಪೆ’ ದೇವರ ನಿಸ್ವಾರ್ಥ ಪ್ರೀತಿ, ‘ಫಿಲಿಯ’ ಬರಿಯ ಸ್ನೇಹ. ಒಂದೊಂದು ಬೇರನ್ನು ಅಗೆದಾಗಲೂ ಒಂದೊಂದು ಪ್ರಸಂಗಕ್ಕಾಗುವಷ್ಟು ಸಾಮಗ್ರಿ ಸಿಗುತ್ತದೆ.

ಒತ್ತಕ್ಷರ ಬರೆದದ್ದು:
ಸಾಮಗ್ರಿ ಸಿಗುತ್ತದೆ ನಿಜ, ಅರ್ಥ ಸಿಗುತ್ತದೆಯೇ ಎಂಬುದೇ ಪ್ರಶ್ನೆ. ‘ಪ್ರವೀಣ’ ಎಂಬ ಪದ ವೀಣೆಯಲ್ಲಿ ನಿಪುಣನಾದವನು ಎಂಬಲ್ಲಿಂದ ಹೊರಟಿತು ಎನ್ನುತ್ತಾರೆ. ಹಾಗೆಂದು ಗಣಿತಪ್ರವೀಣನ ಮನೆಯಲ್ಲಿ ವೀಣೆಯನ್ನು ಹುಡುಕುತ್ತೀರಾ? ‘ಗೋಷ್ಠಿ’ಯ ಮೂಲದಲ್ಲಿ ಗೋವುಗಳು ನಿಲ್ಲುವ ಸ್ಥಳವಿದೆ. ಕವಿಗೋಷ್ಠಿಗೆ ಹೋದವರು ಹುಲ್ಲು ಹಿಡಿದುಕೊಂಡು ಹೋಗುವುದಿಲ್ಲ. ನಮ್ಮದೇ ಭಾಷೆಯಲ್ಲಿ ನಗೆ ತರಿಸುವ ಈ ವಿಧಾನ ಗ್ರೀಕಿಗೆ ಹೋದೊಡನೆ ಆಳವಾದ ಸತ್ಯವಾಗಿಬಿಡುವುದು ನನಗೆ ಒಗಟು.

ನಿಮ್ಮ ಉದಾಹರಣೆಗಳನ್ನೇ ತೆಗೆದುಕೊಳ್ಳೋಣ. ಅಪೊಸ್ತಲರ ಕೃತ್ಯಗಳು 19:32ರಲ್ಲಿ, ಯಾಕೆ ಸೇರಿದ್ದೇವೆಂಬುದೇ ಹೆಚ್ಚಿನವರಿಗೆ ತಿಳಿಯದೆ ಕೂಗಾಡುತ್ತಿದ್ದ ಎಫೆಸದ ಜನಜಂಗುಳಿಗೂ ಎಕ್ಲೇಸಿಯ ಎಂದೇ ಹೆಸರು. ಅವರು ಯಾವ ಲೋಕದಿಂದ ಹೊರಕ್ಕೆ ಕರೆಯಲ್ಪಟ್ಟಿದ್ದರು? ಅದು ಸೇರಿದ ಸಭೆ, ಅಷ್ಟೇ. ನಮ್ಮ ಕನ್ನಡದ ‘ಸಭೆ’ ಎಷ್ಟು ಅಚ್ಚುಕಟ್ಟಾಗಿ ಹೊಂದುತ್ತದೆ ನೋಡಿ. ಡೈನಮೈಟಿಗೆ ಆಲ್ಫ್ರೆಡ್ ನೊಬೆಲ್ ಆ ಹೆಸರಿಟ್ಟು ಹಕ್ಕುಪತ್ರ ಪಡೆದದ್ದು 1867ರಲ್ಲಿ. ಪೌಲನು ಮೊದಲ ಶತಮಾನದವನು. ಮಗನಿಂದ ತಂದೆಗೆ ಹೆಸರಿಡುವ ಕೆಲಸ ಇದು. ಪದದ ಹುಟ್ಟನ್ನೇ ಪದದ ಅರ್ಥವೆಂದು ಭ್ರಮಿಸುವ ಈ ಅಭ್ಯಾಸವನ್ನು ಜೇಮ್ಸ್ ಬಾರ್ ಎಂಬ ವಿದ್ವಾಂಸರು 1961ರಷ್ಟು ಹಿಂದೆಯೇ ಬೈಬಲ್ ಭಾಷೆಯ ಶಬ್ದಾರ್ಥವನ್ನು ಕುರಿತ ತಮ್ಮ ಗ್ರಂಥದಲ್ಲಿ ಕಟುವಾಗಿ ವಿಮರ್ಶಿಸಿದ್ದಾರೆ.

ಪುಟದಂಚು ಬರೆದದ್ದು:
ಅಗಾಪೆಯ ಬಗ್ಗೆ ಒಂದು ಮಾತು. 2 ತಿಮೊಥೆಯ 4:10ರಲ್ಲಿ ದೇಮನು ಇಹಲೋಕವನ್ನು ಪ್ರೀತಿಸಿ ಪೌಲನನ್ನು ಬಿಟ್ಟುಹೋದನಲ್ಲ, ಆ ಪ್ರೀತಿಗೂ ಅಗಾಪೆಯ ಕ್ರಿಯಾಪದವೇ ಬಂದಿದೆ. 2 ಸಮುವೇಲ 13:15ರ ಗ್ರೀಕ್ ಅನುವಾದದಲ್ಲಿ ಅಮ್ನೋನನಿಗೆ ತಾಮಾರಳ ಮೇಲಿದ್ದ ಆ ಹೀನ ಮೋಹಕ್ಕೂ ಅಗಾಪೆ ಎಂದೇ ಇದೆ. ತಂದೆಯು ಮಗನನ್ನು ಪ್ರೀತಿಸುತ್ತಾನೆ ಎಂಬ ಒಂದೇ ಮಾತಿಗೆ ಯೋಹಾನ 3:35ರಲ್ಲಿ ಅಗಾಪೆಯ ಕ್ರಿಯಾಪದ, 5:20ರಲ್ಲಿ ಫಿಲಿಯದ ಕ್ರಿಯಾಪದ. ದೇವರ ಪ್ರೀತಿ ದೊಡ್ಡದೆಂಬುದನ್ನು ಆ ವಾಕ್ಯಗಳು ಹೇಳುತ್ತವೆ, ಕಥೆ ಹೇಳುತ್ತದೆ. ಆ ಭಾರವನ್ನೆಲ್ಲ ಒಂದು ನಾಮಪದದ ತಲೆಯ ಮೇಲೆ ಹೊರಿಸಬೇಕಾಗಿಲ್ಲ.

ತಾಯಿಬೇರು ಬರೆದದ್ದು:
ದೇಮನ ವಚನ ನನ್ನ ಗಮನಕ್ಕೆ ಬಂದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಡೈನಮೈಟನ್ನೂ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಆದರೆ ಬೇರನ್ನು ಪೂರ್ತಿಯಾಗಿ ಕಿತ್ತೆಸೆಯಬೇಡಿ. ಇಡೀ ಹೀಬ್ರೂ ಬೈಬಲಿನಲ್ಲಿ ಒಂದೇ ಒಂದು ಸಲ ಬರುವ ಪದಗಳಿವೆಯಲ್ಲ, ಅಲ್ಲಿ ಏನು ಮಾಡುತ್ತೀರಿ? ಆದಿಕಾಂಡ 6:14ರಲ್ಲಿ ನೋಹನು ನಾವೆ ಕಟ್ಟಿದ ಮರ ‘ಗೋಫೆರ್’. ಬೇರೆಲ್ಲಿಯೂ ಆ ಪದವಿಲ್ಲ, ಹೋಲಿಸಿ ನೋಡಲು ಎರಡನೆಯ ವಾಕ್ಯವೇ ಇಲ್ಲ. ಇಂಥಲ್ಲಿ ನೆರೆಯ ಭಾಷೆಗಳ ಬೇರುಗಳಲ್ಲದೆ ನಿಘಂಟುಕಾರರಿಗೆ ಇನ್ನೇನು ಆಧಾರ?

ಒತ್ತಕ್ಷರ ಬರೆದದ್ದು:
ಈ ಮಾತು ನ್ಯಾಯವಾದದ್ದು. ಬಳಕೆಯ ಸಾಕ್ಷಿ ಇಲ್ಲದಲ್ಲಿ ಬೇರಿನ ಸಾಕ್ಷಿಯನ್ನೂ ಕೇಳಲೇಬೇಕು. ಸಾಕ್ಷಿ ಹೇಳಿದ್ದನ್ನೆಲ್ಲ ತೀರ್ಪೆಂದು ಬರೆದುಕೊಳ್ಳದಿದ್ದರಾಯಿತು.

ಅರ್ಧವಿರಾಮ ಬರೆದದ್ದು:
ಗಿಡಮರಗಳ ಮಾತು ಬಂದದ್ದರಿಂದ ಒಂದು ಹಳೆಯ ಜಗಳವನ್ನು ನೆನಪಿಸುತ್ತೇನೆ. ಪ್ರವಾದಿ ಯೋನನಿಗೆ ನೆರಳುಕೊಟ್ಟ ಗಿಡ (ಯೋನ 4:6) ನನ್ನ ಪ್ರತಿಯಲ್ಲಿ ಸೋರೆಗಿಡ. ಹೀಬ್ರೂವಿನಲ್ಲಿ ಅದು ‘ಕೀಕಾಯೋನ್’, ಆ ಒಂದು ಪ್ರಸಂಗವನ್ನು ಬಿಟ್ಟರೆ ಬೇರೆಲ್ಲಿಯೂ ಕಾಣದ ಪದ. ಹಳೆಯ ಲ್ಯಾಟಿನ್ ಅನುವಾದದಲ್ಲಿ ಸೋರೆಯ ಜಾತಿಯ ಹೆಸರಿತ್ತು. ಪ್ರಾಚೀನ ಕ್ರೈಸ್ತ ವಿದ್ವಾಂಸ ಜೆರೋಮ್ ಹೀಬ್ರೂವಿನಿಂದ ಹೊಸದಾಗಿ ಅನುವಾದ ಮಾಡುವಾಗ ಅದನ್ನು ಬದಲಿಸಿ ಐವಿ ಎಂಬ ಬಳ್ಳಿಯ ಹೆಸರನ್ನು ಹಾಕಿದರು. ಉತ್ತರ ಆಫ್ರಿಕದ ಓಯ ಎಂಬ ಊರಿನ ಬಿಷಪರು ಅದನ್ನು ಓದಿಸಿದಾಗ ಸಭೆಯಲ್ಲಿ ದೊಡ್ಡ ಗಲಾಟೆಯಾಯಿತೆಂದೂ, ತಲೆಮಾರುಗಳಿಂದ ಕೇಳಿಬಂದ ಪದವನ್ನು ಬಿಟ್ಟುಕೊಡಲು ಜನ ಒಪ್ಪಲಿಲ್ಲವೆಂದೂ, ಬಿಷಪರು ಊರಿನ ಯೆಹೂದ್ಯರನ್ನು ವಿಚಾರಿಸಿ ಕಡೆಗೆ ಹಳೆಯ ಪದಕ್ಕೇ ಮರಳಬೇಕಾಯಿತೆಂದೂ ದೇವಶಾಸ್ತ್ರಜ್ಞ ಅಗಸ್ಟೀನ್ 403ರಲ್ಲಿ ಜೆರೋಮ್‌ಗೆ ಪತ್ರ ಬರೆದರು. ಜೆರೋಮ್ ತಮ್ಮ ಪದವನ್ನು ಬಿಡದೆ ಸಮರ್ಥಿಸಿಕೊಂಡರು.

ಈಗಿನ ನಿಘಂಟುಗಳಲ್ಲಿ ಹೆಚ್ಚಿನವು ಹೇಳುವುದು ಇವೆರಡನ್ನೂ ಅಲ್ಲ. ಅದು ಹರಳುಗಿಡವಿರಬೇಕು ಎನ್ನುತ್ತವೆ. ಬೇಗ ಎತ್ತರಕ್ಕೆ ಬೆಳೆಯುವ, ಅಗಲವಾದ ಎಲೆಗಳ ಗಿಡವದು.

ಅಲ್ಪಪ್ರಾಣ ಬರೆದದ್ದು:
ಊರೆಲ್ಲ ಸೋರೆಯೋ ಐವಿಯೋ ಎಂದು ಬಡಿದಾಡಿದ್ದು ಹರಳೆಣ್ಣೆಯ ಗಿಡಕ್ಕಾಗಿಯೇ? ಯೋನನಿಗೂ ಆ ಗಿಡದ ಮೇಲೆ ಸಿಟ್ಟು ಬಂದಿತ್ತು ಎಂಬುದು ಸಮಾಧಾನ.

ಅರ್ಧವಿರಾಮ ಬರೆದದ್ದು:
ಸಿಟ್ಟು ಬಂದದ್ದು ಗಿಡದ ಮೇಲಲ್ಲ, ಅದು ಒಣಗಿದ್ದಕ್ಕೆ. ಓದಿ ನಗಿ.

ಅಲ್ಪಪ್ರಾಣ ಬರೆದದ್ದು:
ತಿದ್ದುಪಡಿಯನ್ನು ಶಿಕ್ಷೆಯೆಂದೇ ಸ್ವೀಕರಿಸಿದ್ದೇನೆ, ಎರಡೂ ಅರ್ಥಗಳಲ್ಲಿ. ಈಗ ನನ್ನದೇ ಪೆಚ್ಚುತನವೊಂದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನು 1611ರ ಇಂಗ್ಲಿಷ್ ಬೈಬಲನ್ನು ಇಟ್ಟುಕೊಂಡು ಒಂದು ಪಾಠ ಸಿದ್ಧಮಾಡಿದೆ. 1 ಥೆಸಲೋನಿಕ 4:15ರಲ್ಲಿ, ಕರ್ತನು ಬರುವಾಗ ಬದುಕಿರುವವರು ನಿದ್ದೆಹೋದವರನ್ನು ‘ಪ್ರಿವೆಂಟ್’ ಮಾಡುವುದಿಲ್ಲ ಎಂದಿದೆ. ಹೊಸ ಇಂಗ್ಲಿಷ್ ನಿಘಂಟಿನಲ್ಲಿ ‘ತಡೆ’ ಎಂದಿತ್ತು. ಬದುಕಿರುವವರು ಸತ್ತವರ ಪುನರುತ್ಥಾನವನ್ನು ತಡೆಯಲಾರರು ಎಂದು ಮುಕ್ಕಾಲು ಗಂಟೆ ಮಾತಾಡಿದೆ, ಬಹಳ ಚೆನ್ನಾಗಿಯೇ ಮಾತಾಡಿದೆ. ಕೊನೆಯಲ್ಲಿ ಹಿರಿಯರೊಬ್ಬರು ಎದ್ದು, “ಇಲ್ಲಿ ಕನ್ನಡದಲ್ಲಿ ಮುಂದಾಗಿ ಹೋಗುವುದರ ಮಾತಿದೆಯಲ್ಲ, ತಡೆಯುವುದು ಎಲ್ಲಿಂದ ಬಂತು?” ಎಂದು ಕೇಳಿದರು. ಆ ಕಾಲದ ಇಂಗ್ಲಿಷಿನಲ್ಲಿ ಆ ಪದಕ್ಕೆ ‘ಮುಂಚಿತವಾಗಿ ಹೋಗು’ ಎಂಬ ಅರ್ಥವಿತ್ತು. ಗ್ರೀಕಿನಲ್ಲಿರುವುದೂ ಅದೇ. ಕನ್ನಡದಲ್ಲಿ ನೇರವಾಗಿ ತಿಳಿಯುತ್ತಿದ್ದುದನ್ನು ಇಂಗ್ಲಿಷಿನ ಸುತ್ತುದಾರಿಯಲ್ಲಿ ಹೋಗಿ ಕಳೆದುಕೊಂಡೆ.

ಪುಟದಂಚು ಬರೆದದ್ದು:
ಇದೇ ಕಾರಣಕ್ಕೆ ಹಳೆಯ ಇಂಗ್ಲಿಷ್ ಅನುವಾದವನ್ನು ಓದುವ ಕೆಲವರು ವೆಬ್‌ಸ್ಟರ್ ಅವರ 1828ರ ನಿಘಂಟನ್ನು ಜೊತೆಗಿಟ್ಟುಕೊಳ್ಳುತ್ತಾರೆ. ಅದಕ್ಕೂ ಮಿತಿಯಿದೆ, 1611ಕ್ಕೂ ಅದಕ್ಕೂ ನಡುವೆ ಇನ್ನೂರು ವರ್ಷಗಳಿಗಿಂತ ಹೆಚ್ಚಿನ ಅಂತರವಿದೆ.

ಮೂರನೇ ಬೆಂಚು ಅವರ ‘ಬಾಂಡ್’, ‘ಚೆಕ್’ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಸ್ಟ್ರಾಂಗ್ ಅವರ ಪುಸ್ತಕ 1890ರದ್ದು. ಮೂಲತಃ ಅದು ನಿಘಂಟಲ್ಲ. 1611ರ ಅನುವಾದದ ಪದಗಳು ಎಲ್ಲೆಲ್ಲಿ ಬಂದಿವೆಯೆಂದು ತೋರಿಸುವ ಪದಸೂಚಿ. ಕೊನೆಯಲ್ಲಿ ಹೀಬ್ರೂ, ಗ್ರೀಕ್ ಪದಗಳ ಸಂಕ್ಷಿಪ್ತ ಕೋಶಗಳಿವೆ, ಹೀಬ್ರೂ ಪದಗಳ ಸಂಖ್ಯೆ 8674ರವರೆಗೆ ಹೋಗುತ್ತದೆ. ಪ್ರತಿ ನಮೂದಿನಲ್ಲಿ ಮೊದಲು ಅರ್ಥ, ಆಮೇಲೆ ಎರಡು ಚುಕ್ಕಿ ಮತ್ತು ಒಂದು ಅಡ್ಡಗೆರೆ ಇರುತ್ತವೆ. ಆ ಗೆರೆಯ ನಂತರ ಬರುವುದು ಅರ್ಥಗಳಲ್ಲ. ಆ ಹೀಬ್ರೂ ಪದಕ್ಕೆ 1611ರವರು ಬೇರೆಬೇರೆ ಕಡೆಗಳಲ್ಲಿ ಏನೇನು ಹಾಕಿದ್ದಾರೆ ಎಂಬ ಪಟ್ಟಿ. ಯೋಬ 12:18ರಲ್ಲಿ ಅರಸರ ಕಟ್ಟನ್ನು ಬಿಚ್ಚುವ ಮಾತಿಗೆ ‘ಬಾಂಡ್’ ಎಂದೂ, 20:3ರಲ್ಲಿ ಗದರಿಕೆಗೆ ‘ಚೆಕ್’ ಎಂದೂ ಬಂದಿವೆ. 12:18ರಲ್ಲಿರುವುದು ಮೂಸಾರ್ ಅಲ್ಲ, ಸ್ವರಚಿಹ್ನೆ ಬೇರೆಯಾದ, ಬೇಡಿ ಎಂಬರ್ಥದ ಪದ ಎಂದು ಹಲವು ವಿದ್ವಾಂಸರು ಓದುತ್ತಾರೆ. ಈ ಪಟ್ಟಿಯಿಂದ ತನಗೆ ರುಚಿಸಿದ ಪದವನ್ನು ಆರಿಸಿಕೊಂಡು ‘ಮೂಲದಲ್ಲಿ ಹೀಗಿದೆ’ ಎನ್ನುವವರು ಬಹಳ. ಇಂಗ್ಲಿಷ್ ಬಲ್ಲವರು 1906ರ ಬ್ರೌನ್–ಡ್ರೈವರ್–ಬ್ರಿಗ್ಸ್ ಹೀಬ್ರೂ ನಿಘಂಟನ್ನು ನೋಡುವುದು ಮೇಲು. ಅದೂ ಹಳೆಯದೇ, ಆದರೆ ಯಾವ ಅರ್ಥ ಯಾವ ವಚನಕ್ಕೆ ಎಂಬುದನ್ನು ವಿಂಗಡಿಸಿ ಕೊಟ್ಟಿದೆ.

ಅರ್ಧವಿರಾಮ ಬರೆದದ್ದು:
ಪದದ ನಿಘಂಟು ಬೇರೆ, ಬೈಬಲಿನ ವಸ್ತುವಿಷಯಗಳನ್ನು ವಿವರಿಸುವ ‘ಬೈಬಲ್ ನಿಘಂಟು’ ಬೇರೆ ಎಂಬುದನ್ನೂ ಸೇರಿಸಬೇಕು. ‘ತಲಾಂತು’ ಎಂದರೆ ಪ್ರತಿಭೆ ಎಂದುಕೊಂಡವರನ್ನು ನಾನು ಬಲ್ಲೆ. ಮೂಲದಲ್ಲಿ ಅದು ತೂಕ, ಆಮೇಲೆ ಆ ತೂಕದ ಹಣ. ಮತ್ತಾಯ 25ರಲ್ಲಿ ಯೇಸು ಹೇಳುವ ಸಾಮ್ಯದಿಂದಲೇ, ಅಂದರೆ ದೃಷ್ಟಾಂತಕಥೆಯಿಂದಲೇ, ಇಂಗ್ಲಿಷಿನ ‘ಟ್ಯಾಲೆಂಟ್’ ಪದಕ್ಕೆ ಪ್ರತಿಭೆಯ ಅರ್ಥ ಬಂದದ್ದು. ಆ ಅರ್ಥವನ್ನು ಮತ್ತೆ ಸಾಮ್ಯದೊಳಕ್ಕೆ ತುರುಕಿದರೆ ಹಣದ ಗಾತ್ರವೇ ಕಾಣದಂತಾಗುತ್ತದೆ. ಒಂದು ತಲಾಂತಿಗೆ ಸುಮಾರು 6000 ದಿನಾರಿಗಳು, ಮತ್ತಾಯ 20:2ರ ಪ್ರಕಾರ ಒಂದು ದಿನಾರಿ ಒಂದು ದಿನದ ಕೂಲಿ. ಆ ಕಥೆಯಲ್ಲಿ ಆಳೊಬ್ಬ ನೆಲದಲ್ಲಿ ಹೂತಿಟ್ಟ ಒಂದೇ ತಲಾಂತು ಕೂಲಿಯವನ ಹದಿನೆಂಟು ಇಪ್ಪತ್ತು ವರ್ಷಗಳ ದುಡಿಮೆ. 18:24ರ ಸಾಲಗಾರ ಆಳಿನ ಮೇಲಿದ್ದದ್ದು 10,000 ತಲಾಂತು. ಅವನು “ನಿಮ್ಮದೆಲ್ಲವನ್ನೂ ತೀರಿಸುತ್ತೇನೆ” ಎನ್ನುವುದು ಎಂಥ ಮಾತು ಎಂಬುದು ಈ ಲೆಕ್ಕ ಹಾಕಿದವರಿಗೇ ಗೊತ್ತಾಗುವುದು.

ಸಂಜೆಪ್ರಾರ್ಥನೆ ಬರೆದದ್ದು:
ಈ ಲೆಕ್ಕ ನನಗೆ ಗೊತ್ತಿರಲಿಲ್ಲ. ಎಷ್ಟೋ ಸಲ ಓದಿದ ಸಾಮ್ಯವನ್ನು ಇಂದು ರಾತ್ರಿ ಮತ್ತೆ ಓದುತ್ತೇನೆ. ನಿಘಂಟಿಗೆ ಎರಡನೆಯ ಪಂಕ್ತಿಯಲ್ಲಿ ಒಂದು ಎಲೆ ಹಾಕಬಹುದು.

ಮೂರನೇ ಬೆಂಚು ಬರೆದದ್ದು:
ನಿನ್ನೆ ನಮ್ಮ ಗುಂಪು ಮತ್ತೆ ಸೇರಿತ್ತು. ಏಳನೆಯ, ಎಂಟನೆಯ ವಚನಗಳನ್ನು ಒಟ್ಟಿಗೆ ಓದಿ, ಎರಡರಲ್ಲಿಯೂ ಒಂದೇ ಮೂಲಪದವಿದೆ ಎಂದು ತೋರಿಸಿದೆ. ಪ್ರಶ್ನೆ ಕೇಳಿದ್ದ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಮೂರ್ಖ ಎಂದರೆ ಪೆಟ್ಟಿಗೆ ಹೆದರುವವನಲ್ಲ, ತಿದ್ದಿದರೆ ಸಹಿಸದವನು” ಎಂದಳು. ಆಮೇಲೆ ‘ಅಸಡ್ಡೆ’ ಯಾವ ಪದ ಎಂದು ಕೇಳಿದಳು. ಈ ಸಲ ನಾನು ಸಿದ್ಧನಾಗಿ ಹೋಗಿದ್ದೆ: ‘ಅಶ್ರದ್ಧೆ’ಯ ತದ್ಭವ ಎಂದೆ.

ಪುಟದಂಚು ಬರೆದದ್ದು:
ತದ್ಭವದ ವಿಷಯ ಸರಿ, ಆದರೆ ಅಲ್ಲಿಯೇ ನಿಲ್ಲಬೇಡಿ. ಬೇರು ಅಗೆಯುವವರ ಗುಂಪಿಗೆ ನೀವೂ ಸೇರಿಬಿಡುತ್ತೀರಿ. ಹೀಬ್ರೂ ಕ್ರಿಯಾಪದ ಅಶ್ರದ್ಧೆಗಿಂತ ಕಠಿಣವಾದದ್ದು, ತುಚ್ಛವಾಗಿ ಕಾಣುವುದು ಎಂಬರ್ಥದ್ದು. ಅಂದಹಾಗೆ, ಎಂಟನೆಯ ವಚನದಲ್ಲಿ ತಂದೆಯ ಉಪದೇಶದ ಪಕ್ಕದಲ್ಲಿ ತಾಯಿಯ ‘ಬೋಧನೆ’ ಇದೆಯಲ್ಲ, ಅದು ಹೀಬ್ರೂವಿನಲ್ಲಿ ‘ತೋರಾ’. ಬೇರೆ ಕಡೆಗಳಲ್ಲಿ ಮೋಶೆಯ ಧರ್ಮಶಾಸ್ತ್ರಕ್ಕೆ ಬಳಸುವ ಅದೇ ಪದ.

ಮೂರನೇ ಬೆಂಚು ಬರೆದದ್ದು:
ತಾಯಿಯ ಮಾತಿಗೆ ತೋರಾ ಎಂದೇ ಇದೆಯೇ! ಹಾಗಾದರೆ ಮುಂದಿನ ವಾರವೂ ನಾವು ಎಂಟನೆಯ ವಚನವನ್ನು ದಾಟುವುದಿಲ್ಲ.